ಬಲೆಯ ಕಣ್ಣು, ಹೊಸನೀರು, ಹಕ್ಕಿನ ನೀರು: ಗಡಿನಾಡಿನಿಂದ ಉತ್ತರ

ಮೊನ್ನೆ ಭಾನುವಾರ ನೀವು ಹೊಸ ಗಾಳದ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದು, ನಮ್ಮೂರಿನ ಕಡೆ ಕಾವೇರಿಯಲ್ಲಿ ಒಬ್ಬರು ದಿನಕ್ಕೆ ಎಷ್ಟು ಮೀನು ಹಿಡಿಯಬಹುದು, ಎಷ್ಟು ಅಂಗುಲಕ್ಕಿಂತ ಚಿಕ್ಕದನ್ನು ನೀರಿಗೆ ಬಿಡಬೇಕು ಎಂದು ಕೇಳಿದಿರಿ. ವಿದೇಶದಲ್ಲಿರುವ ನಿಮ್ಮ ಮಗ ಅಲ್ಲಿನ ಪರವಾನಗಿಯ ಜೊತೆ ಸಿಗುವ ಪಟ್ಟಿಯನ್ನು ಕಳುಹಿಸಿದ್ದರಿಂದ, ಇಲ್ಲಿಯೂ ಅಂಥದೊಂದು ಪಟ್ಟಿ ಇರಬೇಕೆಂದು ನೀವು ಭಾವಿಸಿದ್ದು ಸಹಜ. ನಾನು ಹನೂರು ತಾಲ್ಲೂಕಿನ ಗಡಿ ಭಾಗದವನು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿದ್ದರೂ ಆ ನದಿಯ ವಿಷಯದಲ್ಲಿ ಬಾಯಿಮಾತಿನ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ನಿಮ್ಮ ಮಗ ಕಳುಹಿಸಿದ ಪಟ್ಟಿ ಗಾಳ ಹಾಕುವವರಿಗಾಗಿ ಮಾಡಿದ್ದು. ಅಲ್ಲಿ ಒಬ್ಬರ ಕೈಯಲ್ಲಿ ಒಂದು ಕೋಲು ಇರುತ್ತದೆ, ಮೀನು ಒಂದೊಂದಾಗಿ ದಡಕ್ಕೆ ಬರುತ್ತದೆ, ಆದ್ದರಿಂದ ಎಣಿಸಬಹುದು, ಅಳೆಯಬಹುದು. ನಮ್ಮ ಹೊಳೆ ಕೆರೆಗಳ ಮೀನುಗಾರಿಕೆ ಬಲೆಯಿಂದ ಹೊಟ್ಟೆ ಹೊರೆಯುವವರದ್ದು. ಬಲೆ ಎಣಿಸಿ ಹಿಡಿಯುವುದಿಲ್ಲ. ಹೀಗಾಗಿ ನಮ್ಮಲ್ಲಿ ಮಿತಿಯನ್ನು ಮೀನಿನ ಎಣಿಕೆಗಿಂತ ಹೆಚ್ಚಾಗಿ ಬಲೆಯ ಕಣ್ಣಿನಲ್ಲಿ, ಹಿಡಿಯುವ ಕಾಲದಲ್ಲಿ ಮತ್ತು ಆ ನೀರಿನ ಹಕ್ಕು ಯಾರದ್ದು ಎಂಬುದರಲ್ಲಿ ಇಡಲಾಗಿದೆ. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ಸಿಡಿಮದ್ದು ಹಾಕಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿ, ಬಲೆ ಎಂಥದ್ದಿರಬೇಕು, ಅದರ ಅಳತೆ ಎಷ್ಟಿರಬೇಕು, ಯಾವ ನೀರಿನಲ್ಲಿ ಕೆಲಕಾಲ ಮೀನು ಹಿಡಿಯಲೇಬಾರದು ಎಂದು ನಿಯಮ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ 21ನೇ ವಿಷಯವಾದ್ದರಿಂದ ಇಂದು ನಮ್ಮ ರಾಜ್ಯದ ಒಳನಾಡು ನೀರಿಗೆ 1996ರ ಕರ್ನಾಟಕದ್ದೇ ಅಧಿನಿಯಮವಿದೆ. ಹೊಳೆಯ ಆಚೆ ದಡಕ್ಕೆ ತಮಿಳುನಾಡಿನ ಕಾನೂನು.

ಬಲೆಯ ಕಣ್ಣು ಎಂದರೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಲೆಯ ಒಂದು ಕಣ್ಣನ್ನು ಎರಡೂ ಕಡೆಯಿಂದ ಬಿಗಿಯಾಗಿ ಎಳೆದು, ಒಂದು ಗಂಟಿನಿಂದ ಎದುರಿನ ಗಂಟಿನವರೆಗೆ ಎಷ್ಟು ದೂರವಿದೆ ಎಂದು ನೋಡುವುದೇ ಅಳತೆ. ನಮ್ಮ ಸೋದರಮಾವ ಇದನ್ನು ಬೆರಳುಗಳಿಂದಲೇ ನೋಡುತ್ತಿದ್ದರು. ಕಣ್ಣು ದೊಡ್ಡದಾದಷ್ಟೂ ಮರಿ ಮೀನು ನುಸುಳಿ ಹೋಗುತ್ತದೆ. ತಲೆ ತೂರಿ ಕಿವಿರು ಸಿಕ್ಕಿಕೊಳ್ಳುವಷ್ಟು ಬೆಳೆದದ್ದು ಮಾತ್ರ ಉಳಿಯುತ್ತದೆ. ಸೊಳ್ಳೆಪರದೆಯಂಥ ಬಲೆ ಹಾಕಿದರೆ ಬೆರಳುದ್ದದ ಮರಿಯೂ ತಪ್ಪಿಸಿಕೊಳ್ಳದು. ಮಾವನ ತೆಪ್ಪದ ಒಳಗಡೆ, ಅವರು ಕೂರುವ ಜಾಗದ ಎದುರಿನ ಬಿದಿರು ಪಟ್ಟಿಯ ಮೇಲೆ ಕತ್ತಿಯಿಂದ ಕೊರೆದ ಒಂದು ಗೀರು ಇತ್ತು. ಬಲೆಯಲ್ಲಿ ಬಂದ ಗೆಂಡೆ ಜಾತಿಯ ಮೀನಿನ ಮೂತಿಯನ್ನು ಪಟ್ಟಿಯ ತುದಿಗೆ ತಾಗಿಸಿ ಮಲಗಿಸುತ್ತಿದ್ದರು. ಬಾಲ ಗೀರನ್ನು ಮುಟ್ಟದಿದ್ದರೆ ಒದ್ದೆ ಕೈಯಲ್ಲೇ ಎತ್ತಿ ನೀರಿಗೆ ಜಾರಿಸುತ್ತಿದ್ದರು. ಒಣಗಿದ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬಂದು ಅದಕ್ಕೆ ಸೋಂಕು ತಗಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ಗೀರಿಗೆ ಯಾವ ಸರ್ಕಾರಿ ಆದೇಶವೂ ಆಧಾರವಾಗಿರಲಿಲ್ಲ. ಅಷ್ಟುದ್ದ ಬೆಳೆದ ಮೀನು ಒಂದು ಮಳೆಗಾಲದಲ್ಲಾದರೂ ಮೊಟ್ಟೆ ಇಟ್ಟಿರುತ್ತದೆ ಎಂಬ ಅನುಭವವೇ ಆಧಾರ. ಜಗತ್ತಿನ ಯಾವ ಮೂಲೆಯಲ್ಲಿ ಕನಿಷ್ಠ ಅಳತೆಯ ನಿಯಮ ಮಾಡಿದರೂ ಅದರ ಹಿಂದಿನ ಲೆಕ್ಕ ಸಾಮಾನ್ಯವಾಗಿ ಇದೇ ಆಗಿರುತ್ತದೆ.

ಮಳೆಗಾಲದ ಮಾತು ಬಂದದ್ದರಿಂದ ಹೇಳುತ್ತೇನೆ. ಹಿಡಿಯಬಾರದ ಕಾಲ ಎಂಬುದು ಎಲ್ಲಕ್ಕಿಂತ ದೊಡ್ಡ ಮಿತಿ ಎಂದು ನಾನು ನಂಬಿದ್ದೇನೆ. ಮುಂಗಾರಿನಲ್ಲಿ ಕಬಿನಿಯಿಂದಲೂ ಕೃಷ್ಣರಾಜಸಾಗರದಿಂದಲೂ ಹೊಸನೀರು ಕೆಂಪಗೆ ಇಳಿದು ಬಂದಾಗ ನಮ್ಮ ಕಡೆ ಮೀನು ಹತ್ತುತ್ತವೆ. ಅಂದರೆ ಮೊಟ್ಟೆ ತುಂಬಿದ ಹೊಟ್ಟೆಯೊಂದಿಗೆ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಈಜುತ್ತವೆ. ಆ ದಿನಗಳಲ್ಲಿ ಅವು ದಡದ ಬಳಿಗೇ ಬರುತ್ತವೆ, ಚಿಕ್ಕ ಹುಡುಗರೂ ಬುಟ್ಟಿ ಒಡ್ಡಿ ಹಿಡಿಯಬಲ್ಲರು. ಹಿಡಿಯಲು ಅತ್ಯಂತ ಸುಲಭವಾದ ಕಾಲವೇ ಹಿಡಿಯಬಾರದ ಕಾಲವೂ ಆಗಿರುವುದರಿಂದ ಆಗ ಕೈ ಕಟ್ಟಿಕೊಂಡು ಕೂರುವುದು ಬಡ ಮನೆಗೆ ಎಷ್ಟು ಕಷ್ಟವೆಂದು ನಾನು ಬಲ್ಲೆ.

ಈಗ ಬೆಂಗಳೂರಿನ ಕೆರೆಗಳಿಗೆ ಬರೋಣ. ಇಲ್ಲಿ ಲೆಕ್ಕವೇ ಬೇರೆ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರದ ನದಿಗಳ ಮೀನುಗಳು. ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಮೀನುಗಾರಿಕೆ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಚುಚ್ಚುಮದ್ದಿನ ಮೂಲಕ ಈ ಮೀನುಗಳಿಂದ ಮೊಟ್ಟೆ ಇಡಿಸುವುದನ್ನು ಸಾಧಿಸಿದ ಮೇಲೆಯೇ ಊರೂರಿನ ಕೆರೆಗಳಿಗೆ ಮರಿ ಬಿತ್ತುವುದು ಸಾಧ್ಯವಾಯಿತು. ಹೀಗೆ ಬಿತ್ತಿದ ಕೆರೆಯ ಮೀನು ಒಂದು ಬೆಳೆಯ ಹಾಗೆ. ಸಣ್ಣ ಕೆರೆಯಾದರೆ ಗ್ರಾಮ ಪಂಚಾಯಿತಿಯಿಂದ, ದೊಡ್ಡದಾದರೆ ಮೀನುಗಾರಿಕೆ ಇಲಾಖೆಯಿಂದ ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರರೋ ಹಕ್ಕು ಪಡೆದು, ಮರಿ ಬಿಟ್ಟು, ಕಾವಲು ಇಟ್ಟು ಬೆಳೆಸಿರುತ್ತಾರೆ. ಕೆರೆ ಸಾರ್ವಜನಿಕವಾದರೂ ಮೀನು ಅವರದ್ದು. ನೀವು ದಡದಲ್ಲಿ ಕೂತು ಒಂದೇ ಒಂದು ಮೀನು ಹಿಡಿದರೂ ಅದು ಇನ್ನೊಬ್ಬರ ಹೊಲದ ರಾಗಿ ತೆನೆ ಕೊಯ್ದಂತೆ. ಎಷ್ಟು ಅಂಗುಲವೆಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ಜಿಲೇಬಿ ಮೀನಿನ ವಿಷಯ ಇದಕ್ಕೆ ವಿರುದ್ಧ. 1952ರಲ್ಲಿ ಹೊರದೇಶದಿಂದ ತಂದ ಈ ಮೀನು ನಿಂತ ನೀರಿನಲ್ಲೇ ಮತ್ತೆ ಮತ್ತೆ ಮರಿ ಮಾಡಿ ಕೆರೆ ತುಂಬಿಬಿಡುತ್ತದೆ, ಅದನ್ನು ಅಳೆದು ನೀರಿಗೆ ಬಿಡುವುದರಿಂದ ಯಾರಿಗೂ ಉಪಕಾರವಿಲ್ಲ. ಇನ್ನು ಕೊಳಚೆ ಸೇರುವ ನಗರದ ಕೆರೆಗಳ ಮೀನನ್ನು, ಹಿಡಿಯಲು ಅನುಮತಿ ಸಿಕ್ಕರೂ, ಮನೆಗೆ ತರಬೇಡಿ ಎಂದೇ ನನ್ನ ಬಿನ್ನಹ.

ನಿಮ್ಮ ಮನಸ್ಸಿನಲ್ಲಿರುವುದು ಕೆರೆಯಲ್ಲ, ಸಂಗಮ, ಮೇಕೆದಾಟು, ಹೊಗೇನಕಲ್ಲಿನ ಹೊಳೆ ಎಂದು ನನಗೆ ಗೊತ್ತು. ಅಲ್ಲಿನ ಉತ್ತರ ಚಿಕ್ಕದು: ಸೊನ್ನೆ. 1987ರಲ್ಲಿ ಕಾವೇರಿ ವನ್ಯಜೀವಿಧಾಮ, 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ, ಎದುರು ದಡದಲ್ಲಿ 2022ರಲ್ಲಿ ತಮಿಳುನಾಡಿನ ಕಾವೇರಿ ದಕ್ಷಿಣ ವನ್ಯಜೀವಿಧಾಮ ಘೋಷಣೆಯಾಗಿವೆ. ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ಅರಣ್ಯ ಅಪರಾಧ. ಭೀಮೇಶ್ವರಿಯಲ್ಲಿ ಹಿಂದೆ ಹಿಡಿದು ಬಿಡುವ ಗಾಳದಾಟ ಇತ್ತೆಂದು ನೀವು ಕೇಳಿರುತ್ತೀರಿ. ಅದು ನಿಂತು ಹತ್ತು ವರ್ಷಕ್ಕೂ ಹೆಚ್ಚಾಯಿತು.

ಈ ಸೊನ್ನೆಯ ಹಿಂದೆ ಒಂದು ಮೀನಿನ ಕಥೆ ಇದೆ, ನನ್ನ ಸಂಕಟವೂ ಇದೆ. ನಾವು ಬಿಳಿಮೀನು ಎನ್ನುವ ಮಹಶೀರ್‌ಗಳಲ್ಲಿ ಬೆನ್ನು ಗೂನಾಗಿರುವ, ಕಿತ್ತಳೆ ಬಣ್ಣದ ರೆಕ್ಕೆಯ ಜಾತಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಮಹಶೀರ್ ಉಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೆ ಜಾತಿಯ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ಹೆಚ್ಚಿದವು, ನಮ್ಮದು ಮೂಲೆ ಸೇರಿತು. ಮಡುಗಳಿಗೆ ಸಿಡಿಮದ್ದು ಎಸೆದವರು, ಮರಳು ತೆಗೆದವರು ಉಳಿದದ್ದನ್ನೂ ಕೆಡಿಸಿದರು. 2018ರಲ್ಲಿ ನಮ್ಮ ಈ ಗೂನುಬೆನ್ನಿನ ಮೀನು ವಿಜ್ಞಾನಿಗಳು ಟಾರ್ ರೆಮಾದೇವಿ ಎಂದು ಕರೆಯುವ ಜಾತಿಯೇ ಎಂದು ಖಚಿತವಾಯಿತು, ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಇಂಥ ಮೀನಿಗೆ ಕನಿಷ್ಠ ಅಳತೆಯ ನಿಯಮ ಸಾಲದು. ದೊಡ್ಡ ಹೆಣ್ಣು ಮೀನು ಇಡುವಷ್ಟು ಮೊಟ್ಟೆಯನ್ನು ಚಿಕ್ಕದು ಇಡಲಾರದು, ಗಾಳ ಹಾಕುವವರು ಹುಡುಕುವುದೋ ದೊಡ್ಡದನ್ನೇ.

ಗಡಿಯ ತೊಡಕನ್ನೂ ಹೇಳಿಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ಒಮ್ಮೆ ಗಾಳಿಗೆ ತೆಪ್ಪ ತಿರುಗಿ ಆಚೆ ದಡ ಸೇರಿದ್ದರಿಂದ ಮಾವನ ಬಲೆಯನ್ನು ಅಲ್ಲಿನ ಸಿಬ್ಬಂದಿ ಕಿತ್ತುಕೊಂಡರು. ಈ ದಡದ ಪರವಾನಗಿ ಚೀಟಿ ಅಲ್ಲಿ ಬರಿಯ ಕಾಗದ. ತಮಿಳು ಚೆನ್ನಾಗಿ ಬಲ್ಲವರಾಗಿದ್ದರೂ, ಆ ದಡದಲ್ಲಿ ನೆಂಟರಿದ್ದರೂ ಬಲೆ ವಾಪಸು ಬರಲಿಲ್ಲ. ಅದನ್ನು ಹೆಣೆಯಲು ಅತ್ತೆಗೆ ಒಂದು ಬೇಸಿಗೆ ಪೂರ್ತಿ ಹಿಡಿದಿತ್ತು. ನಮ್ಮೂರುಗಳಲ್ಲಿ ಮಾತು, ಮದುವೆ, ಸಂತೆ ಎಲ್ಲವೂ ಹೊಳೆ ದಾಟುತ್ತವೆ, ಪರವಾನಗಿ ಮಾತ್ರ ದಾಟುವುದಿಲ್ಲ.

ಗಾಳ ಹಾಕಲೇಬೇಕೆಂಬ ಆಸೆ ನಿಮಗಿದ್ದರೆ ಹಣ ಕೊಟ್ಟು ಕೂರಲು ಬಿಡುವ ಖಾಸಗಿ ಕೊಳಗಳು ನಗರದ ಸುತ್ತ ಸಿಗುತ್ತವೆ, ಅಲ್ಲಿ ಮಾಲೀಕರ ಮಾತೇ ನಿಯಮ. ಹೊಳೆಯಲ್ಲೋ ಜಲಾಶಯದಲ್ಲೋ ಹಾಕುವುದಾದರೆ ಆಯಾ ಜಿಲ್ಲೆಯ ಮೀನುಗಾರಿಕೆ ಕಚೇರಿಗೆ ಮೊದಲು ಹೋಗಿ, ಈ ನೀರಿನ ಹಕ್ಕು ಯಾರದ್ದು, ಗಾಳಕ್ಕೆ ಪರವಾನಗಿ ಉಂಟೇ, ಈ ವರ್ಷ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನಿಷೇಧ ಎಂದು ಕೇಳಿ ಬರೆಸಿಕೊಳ್ಳಿ. ನಮ್ಮೂರಿಗೆ ದೀಪಾವಳಿ ಕಳೆದ ಮೇಲೆ ಬನ್ನಿ. ಆ ಹೊತ್ತಿಗೆ ನೀರು ತಿಳಿಯಾಗಿರುತ್ತದೆ, ಬಂಡೆಯ ಮೇಲೆ ಅಲುಗಾಡದೆ ಕುಳಿತರೆ ಮಡುವಿನಲ್ಲಿ ಬಿಳಿಮೀನು ಮಗ್ಗುಲು ಬದಲಿಸುವುದನ್ನು ಕಾಣಬಹುದು. ಕೋಲನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.