ಸಾದಾ ಬಿಎಸ್ಸಿ ಮಾಡಿ ಆಕ್ಚುಯರಿ ಆಗಬಹುದಾ?

ಓದುಗರ ಪ್ರಶ್ನೆಗಳಿಗೆ ವಿಜಯಪುರದ ನಿವೃತ್ತ ಸಂಖ್ಯಾಶಾಸ್ತ್ರ ಮೇಷ್ಟ್ರ ಉತ್ತರ

ಪ್ರಶ್ನೆ: ನಮ್ಮದು ಮುಧೋಳದ ಹತ್ತಿರದ ಹಳ್ಳಿ. ಸೆಕೆಂಡ್ ಪಿಯುಸಿಯಲ್ಲಿ ಪಿಸಿಎಂಎಸ್ ಮುಗಿಸಿದ್ದೇನೆ. ಆಕ್ಚುಯರಿ, ಅಂದರೆ ವಿಮಾ ಕಂಪನಿಗಳಿಗೆ ಅಪಾಯ, ಪ್ರೀಮಿಯಂ ಲೆಕ್ಕ ಹಾಕಿಕೊಡುವ ತಜ್ಞೆ ಆಗುವ ಆಸೆ. ದೊಡ್ಡ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಆಕ್ಚುಯರಿಯಲ್ ಸೈನ್ಸ್ ಡಿಗ್ರಿಯೇ ಇದೆಯಂತೆ. ಅಲ್ಲಿನ ಫೀಸು ಅಪ್ಪನ ಕಬ್ಬಿನ ಬಿಲ್ಲಿಗೆ ನಿಲುಕೋದಿಲ್ಲ. ಇಲ್ಲೇ ಸಾದಾ ಬಿಎಸ್ಸಿ ಮಾಡಿದರೆ ನಡೆಯುತ್ತಾ? ಹತ್ತನೇವರೆಗೆ ನಾನು ಕನ್ನಡ ಮೀಡಿಯಂ.

ಉತ್ತರ: ನಡೆಯುತ್ತೆ ತಂಗಿ. ಧೈರ್ಯವಾಗಿ ಇಲ್ಲೇ ಸೇರು. ಗಣಿತ ಮತ್ತು ಸಂಖ್ಯಾಶಾಸ್ತ್ರ ಎರಡೂ ಇರುವ ಬಿಎಸ್ಸಿ ತಗೋ, ಅಷ್ಟು ಸಾಕು.

ಯಾವ ಡಿಗ್ರಿಯೂ ಒಬ್ಬರನ್ನು ಆಕ್ಚುಯರಿ ಮಾಡೋದಿಲ್ಲ. ನಮ್ಮ ದೇಶದಲ್ಲಿ ಆ ಮಾನ್ಯತೆ ಕೊಡುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ. 2006ರ ಆಕ್ಚುಯರೀಸ್ ಕಾಯ್ದೆಯಡಿ ಇರುವ ಸಂಸ್ಥೆ ಅದು. ಮೊದಲು ಎಸಿಇಟಿ ಅನ್ನುವ ಪ್ರವೇಶ ಪರೀಕ್ಷೆ. ಗಣಿತ, ಸಂಖ್ಯಾಶಾಸ್ತ್ರ, ಡೇಟಾ, ಇಂಗ್ಲಿಷ್, ತರ್ಕ ಕೇಳುತ್ತಾರೆ. ಪಿಯುಸಿ ಆದವರು ಬರೆಯಬಹುದು. ಆಮೇಲೆ ಹತ್ತಕ್ಕೂ ಜಾಸ್ತಿ ಪೇಪರ್‌ಗಳು, ವರ್ಷಗಟ್ಟಲೆ. ಹೆಚ್ಚಿನವರು ಮೊದಲ ಕೆಲವು ಪೇಪರ್ ಪಾಸಾಗಿ ಕೆಲಸಕ್ಕೆ ಸೇರಿ, ಉಳಿದದ್ದನ್ನು ಕೆಲಸ ಮಾಡುತ್ತಲೇ ಬರೆಯುತ್ತಾರೆ.

ಹಾಗಾದರೆ ಡಿಗ್ರಿ ಯಾಕೆ? ತಯಾರಿ ಅಲ್ಲೇ ಆಗುವುದು. ಆ ಸಂಸ್ಥೆಯ ಸಿಎಸ್1 ಅನ್ನುವ ಸಂಖ್ಯಾಶಾಸ್ತ್ರದ ಪೇಪರ್ ನೋಡು. ಸಂಭಾವ್ಯತಾ ವಿತರಣೆಗಳು, ಅಂದಾಜು, ಪ್ರಾಕ್ಕಲ್ಪನೆಯ ಪರೀಕ್ಷೆ, ರಿಗ್ರೆಶನ್. ಇದರಲ್ಲಿ ಬಹುಪಾಲು ಬಿಎಸ್ಸಿ ಸಿಲಬಸ್ಸಿನಲ್ಲೇ ಇದೆ. ಸೆಮಿಸ್ಟರಿಗೆ ಓದುವಾಗ ಆ ಪೇಪರಿನ ಸಿಲಬಸ್ಸನ್ನೂ ಪಕ್ಕಕ್ಕೆ ಇಟ್ಟುಕೋ. ಒಂದೇ ಓದು ಎರಡು ಪರೀಕ್ಷೆಗೆ ಆಗಬೇಕು.

ಆದರೆ ಕ್ಲಾಸಿನಲ್ಲಿ ಬೋರ್ಡಿಗೆ ಬರೆದ ಸೂತ್ರ ಬಾಯಿಪಾಠ ಮಾಡಿದರೆ ಏನೂ ಉಪಯೋಗವಿಲ್ಲ. ಒಂದು ಲೆಕ್ಕ ಕೊಡ್ತೀನಿ, ಪೆನ್ನು ಹಿಡಿದು ಮಾಡು. ಒಂದೇ ವಯಸ್ಸಿನ 1,000 ಜನ ಒಂದು ವರ್ಷಕ್ಕೆ ತಲಾ 1 ಲಕ್ಷದ ವಿಮೆ ಮಾಡಿಸಿದರು ಅಂತಿಟ್ಟುಕೋ. ಆ ವಯಸ್ಸಿನಲ್ಲಿ ವರ್ಷಕ್ಕೆ ಸಾವಿರಕ್ಕೆ ಇಬ್ಬರು ಸಾಯುತ್ತಾರೆ ಅಂದುಕೊಂಡರೆ, 2 ಲಕ್ಷ ಕೊಡಬೇಕು. ತಲೆಗೆ 200 ರೂಪಾಯಿ. ಹಣ ಕೊಡುವುದು ವರ್ಷದ ಕೊನೆಗೆ, ಬಡ್ಡಿ ಶೇ 7 ಅಂದರೆ ಇವತ್ತು ವಸೂಲು ಮಾಡಬೇಕಾದದ್ದು ಸುಮಾರು 187 ರೂಪಾಯಿ. ಇಲ್ಲಿಗೆ ಮುಗೀತು ಅಂತ ಜಾಸ್ತಿ ಹುಡುಗರು ಪೆನ್ನು ಇಡುತ್ತಾರೆ. ನಿಜವಾದ ಪ್ರಶ್ನೆ ಇಲ್ಲಿಂದ ಶುರು. ಆ ವರ್ಷ ನಾಲ್ವರು ಸತ್ತರೆ? ಅಪರೂಪದ ಘಟನೆ ಎಷ್ಟು ಸಲ ಆಗಬಹುದು ಅಂತ ಹೇಳುವ ಪ್ವಾಸಾನ್ ವಿತರಣೆ ಹಾಕಿ ನೋಡು. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಸಾವು ಆಗುವ ಸಂಭವ ಸುಮಾರು ಶೇ 14. ಅಂದರೆ ಸರಾಸರಿ ಏಳು ವರ್ಷಕ್ಕೊಮ್ಮೆ ಕೂಡಿಸಿದ ಹಣದ ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ ಕೊಡಬೇಕಾಗುತ್ತೆ! ಅದೇ 1 ಲಕ್ಷ ಜನ ಇದ್ದರೆ? ಸರಾಸರಿ 200 ಸಾವು, ಅದಕ್ಕಿಂತ ಹೆಚ್ಚುಕಡಿಮೆ ಆಗುವುದು ಸಾಮಾನ್ಯವಾಗಿ 14ರಷ್ಟು. ಎರಡು ಪಟ್ಟು ಆಗುವ ಮಾತೇ ಇಲ್ಲ.

ಈಗ ನಮ್ಮ ಜಿಲ್ಲೆಗಳಿಗೆ ಬಾ. 1 ಲಕ್ಷ ರೈತರಿಗೆ ಬೆಳೆ ವಿಮೆ ಮಾಡಿಸಿದರೂ ಇದೇ ಧೈರ್ಯ ಇರುತ್ತಾ? ಇರೋದಿಲ್ಲ. ಮಳೆ ಕೈಕೊಟ್ಟರೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಎಲ್ಲ ಒಟ್ಟಿಗೇ ಒಣಗುತ್ತವೆ. ಒಬ್ಬರ ನಷ್ಟ ಇನ್ನೊಬ್ಬರ ನಷ್ಟಕ್ಕೆ ಅಂಟಿಕೊಂಡಿದೆ. 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ, ಎಣ್ಣೆಕಾಳಿಗೆ ರೈತನ ಪಾಲು ಹೆಚ್ಚೆಂದರೆ ಶೇ 2. ಅದರ ಮೇಲಿನ ಪ್ರೀಮಿಯಂ ಸರ್ಕಾರಗಳು ಹೊರುತ್ತವೆ. ಆ ಪೂರ್ತಿ ದರ ಎಷ್ಟಿರಬೇಕು ಅಂತ ಕೂತು ಲೆಕ್ಕ ಹಾಕುವವರಲ್ಲಿ ಬರಗಾಲ ಕಣ್ಣಾರೆ ಕಂಡ ಮನೆಯ ಮಕ್ಕಳು ಇರಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಅದಕ್ಕೇ ನಿನ್ನ ಪತ್ರ ಓದಿ ಖುಷಿಯಾಯಿತು.

ಇಂಗ್ಲಿಷ್ ಬಗ್ಗೆ. ಲೆಕ್ಕಕ್ಕೆ ಅದು ಅಡ್ಡ ಬರೋದಿಲ್ಲ, ಉತ್ತರಕ್ಕೆ ಬರುತ್ತೆ. ಮುಂದಿನ ಪೇಪರ್‌ಗಳಲ್ಲಿ ಕಾರಣ ಕೊಟ್ಟು ವಿವರಿಸಬೇಕು. ಈಗಿನಿಂದಲೇ ಪ್ರತಿ ಲೆಕ್ಕದ ಕೊನೆಗೆ ಎರಡು ಸಾಲು ಇಂಗ್ಲಿಷಿನಲ್ಲಿ ಬರಿ. ಈ ಉತ್ತರದ ಅರ್ಥ ಏನು, ಎಲ್ಲಿ ಕೆಡಬಹುದು ಅಂತ. ಸಿಎಸ್1ರ ಒಂದು ಭಾಗ ಕಂಪ್ಯೂಟರಿನಲ್ಲಿ, ಆರ್ ಸಾಫ್ಟ್‌ವೇರ್‌ನಲ್ಲಿ ಮಾಡಬೇಕು. ಅದು ಪುಕ್ಕಟೆ ಸಿಗುತ್ತೆ, ಕಾಲೇಜಿನ ಲ್ಯಾಬಿನಲ್ಲಿ ಹಾಕಿಸಿಕೋ. ಬಿಎಸ್ಸಿ ಆದ ಮೇಲೆ ಇನ್ನೂ ಓದಬೇಕು ಅನಿಸಿದರೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಎರಡರಲ್ಲೂ ಸಂಖ್ಯಾಶಾಸ್ತ್ರ ವಿಭಾಗ ಇದೆ.

ಆ ಖಾಸಗಿ ಕಾಲೇಜಿನ ಮಾತು. ಬ್ರಿಟನ್ನಿನ ಆಕ್ಚುಯರಿಗಳ ಸಂಸ್ಥೆ ತಾನು ಒಪ್ಪಿದ ಕೆಲವು ಕೋರ್ಸುಗಳಿಗೆ ಪೇಪರ್ ವಿನಾಯಿತಿ ಕೊಡುವುದು ನಿಜ. ಯಾರಾದರೂ ವಿನಾಯಿತಿ ಇದೆ ಅಂತ ಹೇಳಿದರೆ, ಯಾವ ಸಂಸ್ಥೆಯದು, ಯಾವ ಪೇಪರಿನದು, ಎಷ್ಟು ಅಂಕ ಬಂದರೆ ಅಂತ ಬರಹದಲ್ಲಿ ಕೇಳು. ಸುಮ್ನೆ ಬಾಯಿಮಾತು ನಂಬಿ ಅಪ್ಪನ ಕೈಲಿ ಸಾಲ ಮಾಡಿಸಬೇಡ.

ಪ್ರಶ್ನೆ: ಗೋಕಾಕದಲ್ಲಿ ವಿಮಾ ಏಜೆಂಟ್ ಆಗಿದ್ದೇನೆ. ಬಿಕಾಂ ಆಗಿದೆ, ಪಿಯುಸಿಯಲ್ಲಿ ಗಣಿತ ಇರಲಿಲ್ಲ. ವಯಸ್ಸು 29. ತಡವಾಯಿತಾ?

ಉತ್ತರ: ವಯಸ್ಸು ತೊಂದರೆ ಅಲ್ಲ. ಕ್ಯಾಲ್ಕುಲಸ್ ಇಲ್ಲದಿರುವುದು ತೊಂದರೆ. ಮೊದಲು ಪಿಯುಸಿ ಎರಡೂ ವರ್ಷದ ಗಣಿತದ ಪುಸ್ತಕ ತಂದು ಅವಕಲನ, ಅನುಕಲನ ಪೂರ್ತಿ ಬಿಡಿಸಿ. ಅದು ಹಿಡಿಸಿದರೆ ಎಸಿಇಟಿಗೆ ಕಟ್ಟಿ. ಹಣಕಾಸು ಮತ್ತು ಅರ್ಥಶಾಸ್ತ್ರದ ಪೇಪರ್‌ಗಳಿಗೆ, ಅಂದರೆ ಸಿಬಿ1, ಸಿಬಿ2ಕ್ಕೆ, ನಿಮ್ಮ ಬಿಕಾಂ ಓದು ನೆರವಾಗುತ್ತೆ. ಅವನ್ನೇ ಮೊದಲು ಮುಗಿಸಿ. ಏಜೆನ್ಸಿ ಈಗಲೇ ಬಿಡಬೇಡಿ.