ವಿಶೇಷ ಶಾಲೆಯ ಹೊಣೆ ಹೊರಲಿರುವವರಿಗೆ

(ವಿಶೇಷ ಶಿಕ್ಷಣದ ಆಡಳಿತಕ್ಕೆ ಸಂಬಂಧಿಸಿ ಕಾಸರಗೋಡು ಜಿಲ್ಲೆಯ ಓದುಗರು ಕಳುಹಿಸಿದ ಮೂರು ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಲಾಗಿದೆ.)

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಬಡ್ಸ್ ಶಾಲೆಯೊಂದರಲ್ಲಿ (ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಗ್ರಾಮ ಪಂಚಾಯತು ನಡೆಸುವ ವಿಶೇಷ ಶಾಲೆ) ಅಧ್ಯಾಪಿಕೆ. ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾ ಮುಗಿಸಿದ್ದೇನೆ. ಈಗಿನ ಮುಖ್ಯಸ್ಥೆ ಬರುವ ವರ್ಷ ಕೆಲಸದಿಂದ ಬಿಡುಗಡೆ ಹೊಂದುವವರಿದ್ದು, ಆ ಹೊಣೆಯನ್ನು ನಾನೇ ವಹಿಸಿಕೊಳ್ಳಬೇಕೆಂದು ಎಲ್ಲರೂ ಹೇಳುತ್ತಿದ್ದಾರೆ. ಮಕ್ಕಳಿಗೆ ಕಲಿಸಲು ಗೊತ್ತು, ಆಡಳಿತದ ಅನುಭವವಿಲ್ಲ. ಹೇಗೆ ಸಿದ್ಧಳಾಗಬೇಕು?

ಉತ್ತರ: ಹೊಣೆ ಕೈಗೆ ಬರುವ ಮೊದಲೇ ಈ ಪ್ರಶ್ನೆ ಕೇಳಿದ್ದೀರೆಂಬುದು ಸಂತೋಷದ ವಿಷಯ. ನಮ್ಮ ದೇಶದಲ್ಲಿ ವಿಶೇಷ ಶಿಕ್ಷಕರನ್ನು ತಯಾರು ಮಾಡುವ ಕೋರ್ಸುಗಳಿವೆ, ಅವುಗಳ ಮೇಲೆ 1992ರ ಕಾಯ್ದೆಯಂತೆ ಕೆಲಸ ಮಾಡುವ ಭಾರತೀಯ ಪುನರ್ವಸತಿ ಪರಿಷತ್ತಿನ ನಿಯಂತ್ರಣವೂ ಇದೆ. ಆದರೆ ಶಾಲೆಯನ್ನು ನಡೆಸುವವರನ್ನು ತಯಾರು ಮಾಡುವ ಕಡೆಗೆ ಅಷ್ಟು ಗಮನ ಹರಿದಿಲ್ಲ. ಅಂಗವಿಕಲ ಮಕ್ಕಳೆಲ್ಲರ ಶಿಕ್ಷಣಕ್ಕೆ 1975ರಲ್ಲೇ ಕಾನೂನು ಮಾಡಿದ ಅಮೆರಿಕದಲ್ಲಿ, ಈ ಆಡಳಿತವನ್ನೇ ವಿಷಯವಾಗಿ ಕಲಿಸುವ ವಿಶ್ವವಿದ್ಯಾಲಯಗಳಿವೆ; ಅಲ್ಲಿ ಕಲಿಯುವವರು ಕೆಲಸದಲ್ಲಿರುವ ಅಧಿಕಾರಿಯೊಬ್ಬರ ಜೊತೆಗಿದ್ದು ಕೆಲಸ ಕಲಿಯುವುದೂ ಪಾಠದ ಭಾಗವಾಗಿರುತ್ತದೆ. ನಿಮಗೆ ಒಂದು ವರ್ಷ ಸಮಯವಿದೆ. ಈಗಿನ ಮುಖ್ಯಸ್ಥೆಯವರು ಹುದ್ದೆಯಲ್ಲಿರುವಾಗಲೇ ಒಂದೊಂದು ಕೆಲಸವನ್ನು ಅವರಿಂದ ಕೇಳಿ ಪಡೆದು, ಅವರ ಕಣ್ಣೆದುರಿನಲ್ಲೇ ಮಾಡತೊಡಗಿ.

ಮೊದಲು ಮಕ್ಕಳ ಫೈಲುಗಳಿಂದ ಆರಂಭಿಸಿರಿ. ನಿಮ್ಮ ತರಗತಿಯ ಮಕ್ಕಳದ್ದು ನಿಮಗೆ ಗೊತ್ತೇ ಇದೆ. ಉಳಿದವರ ವೈಯಕ್ತಿಕ ಶಿಕ್ಷಣ ಯೋಜನೆಗಳನ್ನು, ಅಂದರೆ ಒಂದೊಂದು ಮಗುವಿಗೂ ಪ್ರತ್ಯೇಕವಾಗಿ ಬರೆದಿಟ್ಟ ಕಲಿಕೆಯ ಗುರಿಗಳನ್ನು, ಓದಿರಿ. ಕೈ ತೊಳೆಯುವುದನ್ನು ಕಲಿಸುವ ಗುರಿಯ ಮುಂದೆ ಮೂರು ತಿಂಗಳ ನಂತರ ‘ಸುಧಾರಣೆ ಇದೆ’ ಎಂದಷ್ಟೇ ಬರೆದಿದ್ದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಹೇಳದೆಯೇ ನಲ್ಲಿ ತಿರುಗಿಸುತ್ತಾಳೆ, ಸಾಬೂನು ಹಚ್ಚಲು ಕೈ ಹಿಡಿದು ತೋರಿಸಬೇಕು, ನಲ್ಲಿ ನಿಲ್ಲಿಸಲು ಬಾಯಿಮಾತಿನ ನೆನಪು ಸಾಕು’ ಎಂದು ಬರೆದಿದ್ದರೆ, ನಾಳೆ ಹೊಸ ಅಧ್ಯಾಪಕಿ ಬಂದರೂ ಎಲ್ಲಿಂದ ಮುಂದುವರಿಸಬೇಕೆಂದು ತಿಳಿಯುತ್ತದೆ, ತಾಯಿಗೂ ಮನೆಯಲ್ಲಿ ಅದನ್ನೇ ಮಾಡಿಸಬಹುದು. ಇಂಥ ಬರವಣಿಗೆಯನ್ನು ಸಹೋದ್ಯೋಗಿಗಳಿಂದ ಬರೆಯಿಸುವುದು, ಅದನ್ನು ತಪ್ಪದೆ ಓದುವುದು, ಓದಿದ ಮೇಲೆ ಅವರೊಡನೆ ಕುಳಿತು ಮಾತನಾಡುವುದು ಮುಖ್ಯಸ್ಥರ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ. ಹಾಜರಿ, ಬಿಲ್ಲು, ವಾಹನದ ಲೆಕ್ಕ ಇವನ್ನು ಯಾರಾದರೂ ನೋಡಿಕೊಂಡಾರು. ಮಗುವಿನ ಕಲಿಕೆ ನಿಂತುಹೋದದ್ದನ್ನು ಮುಖ್ಯಸ್ಥರು ಗಮನಿಸದಿದ್ದರೆ ಮತ್ತೆ ಗಮನಿಸುವವರಿಲ್ಲ.

ಎರಡನೆಯದು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯನ್ನೂ ಓದಿಕೊಳ್ಳಿ. ಮಗನಿಗೆ 18 ತುಂಬಿದ ಮೇಲೂ ತಾವೇ ಕಾನೂನುಬದ್ಧ ಪೋಷಕರೆಂದು ತಪ್ಪಾಗಿ ತಿಳಿದಿರುವ ತಂದೆತಾಯಿಗಳೇ ಹೆಚ್ಚು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರ ಪೋಷಕತ್ವಕ್ಕಾಗಿ ಜಿಲ್ಲಾಧಿಕಾರಿಯವರ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕೆಂಬುದನ್ನು ಮಗುವಿಗೆ 17 ಆಗುವಾಗಲೇ ಮನೆಯವರಿಗೆ ತಿಳಿಸುವ ಪರಿಪಾಠ ನಿಮ್ಮ ಶಾಲೆಯಲ್ಲಿರಲಿ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಗೇರುತೋಟಗಳ ಮೇಲೆ ಆಕಾಶದಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳ ಮನೆಗಳಿಂದಲೂ ನಿಮ್ಮಲ್ಲಿಗೆ ಮಕ್ಕಳು ಬರುತ್ತಾರೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿತು. ಪಟ್ಟಿ, ಪಿಂಚಣಿ, ವೈದ್ಯಕೀಯ ಶಿಬಿರ ಎಂದು ಎಷ್ಟೋ ಕಚೇರಿಗಳಿಗೆ ಅಲೆದ ತಾಯಂದಿರು ಕೊನೆಗೆ ಕಾಗದಗಳ ಚೀಲ ಹಿಡಿದು ನಿಮ್ಮ ಮುಂದೆಯೇ ಕುಳಿತುಕೊಳ್ಳುತ್ತಾರೆ. ಆ ಕಾಗದಗಳು ನಮಗೆ ಸಂಬಂಧಿಸಿದ್ದಲ್ಲ ಎಂದು ಹೇಳಿ ಕಳುಹಿಸಬಾರದು. ಯಾವುದು ಯಾವ ಕಚೇರಿಗೆ ಹೋಗಬೇಕೆಂದು ತಿಳಿದುಕೊಂಡು ಅವರಿಗೆ ಹೇಳಿದರೆ ಅವರ ಒಂದು ದಿನದ ಕೂಲಿ ಉಳಿಯುತ್ತದೆ.

ಹಣದ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ನಿಮ್ಮದು ಗ್ರಾಮ ಪಂಚಾಯತಿನ ಶಾಲೆಯಾದ್ದರಿಂದ ವಾರ್ಷಿಕ ಯೋಜನೆ ರೂಪಿಸುವ ಹಂತದಲ್ಲೇ ನಿಮ್ಮ ಬೇಡಿಕೆ ಲಿಖಿತವಾಗಿ ಹೋಗಬೇಕು. ಯೋಜನೆ ಅಂಗೀಕಾರವಾದ ಮೇಲೆ ಹೋದರೆ ಮುಂದಿನ ವರ್ಷಕ್ಕೆ ಕಾಯಬೇಕಾಗುತ್ತದೆ. ಫಿಸಿಯೋಥೆರಪಿಸ್ಟ್ ಬೇಕೆಂದು ಬರೆಯುವಾಗ ಎಷ್ಟು ಮಕ್ಕಳಿಗೆ, ವಾರಕ್ಕೆ ಎಷ್ಟು ಗಂಟೆ, ಈಗ ಅವರನ್ನು ಎಲ್ಲಿಗೆ ಕರೆದೊಯ್ಯಲಾಗುತ್ತಿದೆ ಎಂಬುದನ್ನೂ ಬರೆಯಿರಿ.

ಪ್ರಶ್ನೆ: ಮಂಜೇಶ್ವರ ಉಪಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ಮುಖ್ಯೋಪಾಧ್ಯಾಯ ನಾನು. ಬಿ.ಆರ್.ಸಿ.ಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕಿಯೊಬ್ಬರು ವಾರದಲ್ಲಿ ಕೆಲವು ದಿನ ಬಂದು ಹೋಗುತ್ತಾರೆ. ಅವರು ಮಲಯಾಳ ಮಾತನಾಡುತ್ತಾರೆ, ನಮ್ಮ ಮಕ್ಕಳ ಮನೆಮಾತು ತುಳು ಅಥವಾ ಕನ್ನಡ. ಇಂಥ ಮಕ್ಕಳ ವಿಷಯದಲ್ಲಿ ನನ್ನ ಹೊಣೆ ಎಷ್ಟು?

ಉತ್ತರ: ಹೊಣೆ ಪೂರ್ತಿ ನಿಮ್ಮದೇ. ಆ ಶಿಕ್ಷಕಿ ನಿಮ್ಮ ಅಧ್ಯಾಪಕರಿಗೆ ನೆರವಾಗಲು ಬರುವವರು. ಮಗು ಮಾತ್ರ ವರ್ಷವಿಡೀ ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿರುವ ವಿದ್ಯಾರ್ಥಿ. ಅವರು ಬಂದ ದಿನ ಮಗುವನ್ನು ಪ್ರತ್ಯೇಕ ಕೋಣೆಗೆ ಕಳುಹಿಸಿ, ಉಳಿದ ದಿನ ಹಿಂದಿನ ಬೆಂಚಿನಲ್ಲಿ ಕೂರಿಸುವ ಪದ್ಧತಿ ಹಲವೆಡೆ ಬೇರೂರಿದೆ. ಅದನ್ನು ಬದಲಿಸಬೇಕಾದವರು ಮುಖ್ಯೋಪಾಧ್ಯಾಯರು. ತರಗತಿಯ ಅಧ್ಯಾಪಕಿ ಹಾಗೂ ವಿಶೇಷ ಶಿಕ್ಷಕಿ ಇಬ್ಬರೂ ಕೂಡಿ ಮುಂದಿನ ವಾರದ ಪಾಠವನ್ನು ಆ ಮಗುವಿಗೆ ಹೊಂದಿಸಲು ವೇಳಾಪಟ್ಟಿಯಲ್ಲೇ ಒಂದು ಪೀರಿಯಡ್ ಬಿಡಿ. ವೇಳಾಪಟ್ಟಿ ನಿಮ್ಮ ಕೈಯಲ್ಲಿರುವುದರಿಂದ ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಭಾಷೆಯ ವಿಷಯ ಗಂಭೀರವಾದದ್ದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ಅದು ಅಂಗವಿಕಲ ಮಕ್ಕಳನ್ನು ಹೊರಗಿಟ್ಟಿಲ್ಲ. ಮನೆಯಲ್ಲಿ ತುಳು ಮಾತ್ರ ಕೇಳಿದ ಮಗುವನ್ನು ಮಲಯಾಳದಲ್ಲಿ ಪ್ರಶ್ನಿಸಿದರೆ, ಅದು ಸುಮ್ಮನಿರುವುದು ತಿಳಿಯದೆಯೋ, ಭಾಷೆ ಬಾರದೆಯೋ ಎಂದು ಪರೀಕ್ಷಿಸುವವರಿಗೆ ಗೊತ್ತಾಗುವುದಿಲ್ಲ. ಆದರೂ ಆ ದಿನ ಬರೆದ ಅಂಕಿ ಮಗುವಿನ ಫೈಲಿನಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಮೌಲ್ಯಮಾಪನದ ದಿನ ಮನೆಮಾತು ಬಲ್ಲ ಅಧ್ಯಾಪಕರೊಬ್ಬರನ್ನು ಜೊತೆಗೆ ಕಳುಹಿಸಿ, ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಲಾಯಿತೆಂದು ವರದಿಯಲ್ಲಿ ಬರೆಯುವಂತೆ ಕೇಳಿಕೊಳ್ಳಿ. ಮಾತು ಮತ್ತು ಶ್ರವಣಕ್ಕೆ ಸಂಬಂಧಿಸಿದ ಸಂಶಯವಿದ್ದರೆ, ದೂರವಾದರೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡಿಸಲು ಸಾಧ್ಯ. ಕನ್ನಡ ಬಲ್ಲ ವಿಶೇಷ ಶಿಕ್ಷಕರೇ ಬೇಕೆಂಬ ಬೇಡಿಕೆಯನ್ನು ರಕ್ಷಕ ಶಿಕ್ಷಕ ಸಂಘದ ನಿರ್ಣಯದೊಂದಿಗೆ ಎ.ಇ.ಒ. (ಉಪಜಿಲ್ಲೆಯ ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೂ ಸಮಗ್ರ ಶಿಕ್ಷಾ ಕೇರಳದ ಜಿಲ್ಲಾ ಕಚೇರಿಗೂ ಕಳುಹಿಸಿ, ಪ್ರತಿ ಇಟ್ಟುಕೊಳ್ಳಿ. ಅಲ್ಲಿಯ ತನಕ ಈಗ ಬರುವ ಶಿಕ್ಷಕಿಯವರನ್ನು ಹೊರಗಿನವರಂತೆ ಕಾಣದೆ, ಮಕ್ಕಳ ದಿನಬಳಕೆಯ ತುಳು ಮಾತುಗಳನ್ನು ಅವರಿಗೆ ಕಲಿಸಿಕೊಡಿ.

ಪ್ರಶ್ನೆ: ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮುಗಿಸಿದ್ದೇನೆ, ಊರು ಮುಳ್ಳೇರಿಯ. ಮುಂದೆ ಆಡಳಿತ ಕ್ಷೇತ್ರಕ್ಕೆ ಹೋಗುವ ಆಸೆಯಿದೆ. ಈಗಲೇ ಎಂ.ಎಡ್.ಗೆ ಸೇರಬಹುದೇ?

ಉತ್ತರ: ಸೇರಬಹುದು, ಆದರೆ ಮೊದಲು ಕೆಲವು ವರ್ಷ ತರಗತಿಯಲ್ಲಿ ಕಲಿಸಿರೆಂಬುದು ನನ್ನ ಸಲಹೆ. ಅಪಸ್ಮಾರ ಬಂದ ಮಗುವನ್ನು ನೋಡಿಕೊಳ್ಳುತ್ತಲೇ ಉಳಿದ ಮಕ್ಕಳನ್ನೂ ಸಂಭಾಳಿಸಿದ ಅನುಭವವಿಲ್ಲದವರು ಅಧ್ಯಾಪಕರ ಕೆಲಸವನ್ನು ನ್ಯಾಯವಾಗಿ ಅಳೆಯಲಾರರು. ಆ ಅವಧಿಯಲ್ಲಿ ಮಲಯಾಳವನ್ನು ಓದಿ ಬರೆಯುವಷ್ಟು ಚೆನ್ನಾಗಿ ಕಲಿತುಕೊಳ್ಳಿ. ಸುತ್ತೋಲೆಗಳು ಬರುವುದು ಆ ಭಾಷೆಯಲ್ಲಿ, ಕನ್ನಡದ ಮಕ್ಕಳ ಪರವಾಗಿ ವಾದಿಸಬೇಕಾದ ಸಭೆಗಳು ನಡೆಯುವುದೂ ಅದರಲ್ಲೇ. ಎಂ.ಎಡ್.ಗೆ ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ಅಂಗವಿಕಲರ ಸಬಲೀಕರಣ ಸಂಸ್ಥೆಯನ್ನೂ ಗಮನಿಸಿ. ಎಲ್ಲಿ ಸೇರುವುದಾದರೂ ಶುಲ್ಕ ಕಟ್ಟುವ ಮುನ್ನ ಆ ಕೋರ್ಸಿಗೆ ಆ ವರ್ಷ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲಿ ನೋಡಿಕೊಳ್ಳಿ, ಪರಿಷತ್ತಿನಲ್ಲಿರುವ ನಿಮ್ಮ ಈಗಿನ ನೋಂದಣಿಯ ಅವಧಿ ಮುಗಿಯದಂತೆ ಕಾಲಕಾಲಕ್ಕೆ ನವೀಕರಿಸಿಕೊಳ್ಳಿ.