ಬಣ್ಣ ಬಿಡಿ, ಹಿಮ್ಮಡಿ ನೋಡಿ

ಪ್ರಶ್ನೆ: ತಾಳವಾಡಿ ಕಡೆ ನಮ್ಮ ಹೊಲದ ಬೇಲಿಯಲ್ಲಿ ಗೋಸುಂಬೆ ಆಗಾಗ ಸಿಗುತ್ತದೆ. ಒಮ್ಮೆ ಎಲೆಹಸಿರು, ಇನ್ನೊಮ್ಮೆ ಕಂದು ಮೈಗೆ ಕಪ್ಪು ಚುಕ್ಕೆ. ಇವು ಬೇರೆ ಬೇರೆ ಜಾತಿಯೇ? ಮೊಬೈಲಿಗೆ ಬರುವ ಚಿತ್ರಗಳಲ್ಲಿ ಕೆಲವಕ್ಕೆ ತಲೆಯ ಮೇಲೆ ಎತ್ತರದ ಟೋಪಿ, ಕೆಲವಕ್ಕೆ ಕಿವಿಯಂತೆ ಜೋಲುವ ಚರ್ಮ ಇರುತ್ತದೆ. ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಬೇಲಿಯಲ್ಲಿರುವುದು ಒಂದೇ. ಭಾರತದ ಕಾಡು-ಹೊಲಗಳಲ್ಲಿ ಸಹಜವಾಗಿ ಬದುಕಿರುವ ಗೋಸುಂಬೆ ಒಂದೇ ಪ್ರಭೇದ, ಕೆಮೀಲಿಯೊ ಝೈಲಾನಿಕಸ್. 1768ರಲ್ಲಿ ಲಾರೆಂಟಿ ಎಂಬ ವಿಜ್ಞಾನಿ ಇಟ್ಟ ಹೆಸರು ಇದು. ಶ್ರೀಲಂಕಾ, ಪಾಕಿಸ್ತಾನಗಳಲ್ಲೂ ಇದೇ ಇದೆ. ಪ್ರಪಂಚದಲ್ಲಿ ಗೋಸುಂಬೆಯ 200ಕ್ಕೂ ಹೆಚ್ಚು ಪ್ರಭೇದಗಳಿವೆ, ಅವುಗಳಲ್ಲಿ ಸುಮಾರು ಅರ್ಧ ಮಡಗಾಸ್ಕರ್ ದ್ವೀಪದವು. ನಿಮ್ಮ ಮೊಬೈಲಿಗೆ ಬರುವ ಚಿತ್ರಗಳು ಬಹುಪಾಲು ಅಲ್ಲಿಯವು, ಆಫ್ರಿಕಾದವು, ಇಲ್ಲವೇ ವಿದೇಶದಲ್ಲಿ ಪಂಜರದಲ್ಲಿ ಸಾಕಿದವು.

ಬಣ್ಣ ನಂಬಿ ಪ್ರಭೇದ ಹೇಳಲು ಹೊರಟವರು ಎಡವುವುದು ಖಂಡಿತ. ಗೋಸುಂಬೆ ಕೂತ ಜಾಗಕ್ಕೆ ತಕ್ಕಂತೆ ಬಣ್ಣ ಹಚ್ಚಿಕೊಳ್ಳುತ್ತದೆ ಎಂಬುದು ಅರೆಸತ್ಯ. ಬಿಸಿಲು, ಚಳಿ, ಹೆದರಿಕೆ, ಇನ್ನೊಂದು ಗಂಡಿನ ಮೇಲಿನ ಸಿಟ್ಟು, ಇವೇ ಮುಖ್ಯ ಕಾರಣಗಳು. ತಂಪು ಬೆಳಗಿನಲ್ಲಿ ಬಿಸಿಲು ಹೀರಲು ಮೈ ಕಪ್ಪಗಾಗುತ್ತದೆ. ರಾತ್ರಿ ಕೊಂಬೆಯ ತುದಿಯಲ್ಲಿ ಮಲಗಿದಾಗ ಬಿಳಿಚಿಕೊಂಡು ಟಾರ್ಚ್ ಬೆಳಕಿಗೆ ಥಟ್ಟನೆ ಕಾಣುತ್ತದೆ. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯ ಮೇಲೆ ಜಿನೀವಾ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಚರ್ಮದ ಕೋಶಗಳೊಳಗಿನ ಗ್ವಾನಿನ್ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗುವುದರಿಂದ ಬಣ್ಣ ಬದಲಾಗುತ್ತದೆ ಎಂದು ಅದು ತೋರಿಸಿತು. ಹಾಗಾಗಿ ಒಂದೇ ಪ್ರಾಣಿ ಒಂದೇ ಗಂಟೆಯಲ್ಲಿ ನಿಮಗೆ ಎರಡು ‘ಜಾತಿ’ಯಾಗಿ ಕಂಡರೆ ಅಚ್ಚರಿಯಿಲ್ಲ.

ಬದಲಾಗದ ಅಂಗಗಳನ್ನು ನೋಡಿ. ಮೊದಲು ತಲೆಯ ಹಿಂಬದಿಯ ಟೋಪಿ. ನಮ್ಮ ಗೋಸುಂಬೆಯದು ಹಿಂದಕ್ಕೆ ಏರಿರುತ್ತದೆ, ಅದರ ನಡುವೆ ಬಾಗಿದ ಒಂದು ಏಣು ಇರುತ್ತದೆ. ಬಾಯಿಯ ಮೂಲೆಯಿಂದ ಟೋಪಿಯ ತುದಿಗೆ ಇರುವ ದೂರ ಹೆಚ್ಚುಕಡಿಮೆ ಬಾಯಿಯ ಉದ್ದದಷ್ಟೇ. ಚಿತ್ರದಲ್ಲಿ ಸ್ಕೇಲ್ ಇಟ್ಟೂ ಅಳೆದು ನೋಡಬಹುದು. ಯೆಮೆನ್, ಸೌದಿ ಅರೇಬಿಯಾದ ಮುಸುಕು ಗೋಸುಂಬೆಯಲ್ಲಿ (ಕೆಮೀಲಿಯೊ ಕ್ಯಾಲಿಪ್ಟ್ರೇಟಸ್) ಗಂಡಿನ ಟೋಪಿ ಐದು ಸೆಂಟಿಮೀಟರಿಗೂ ಎತ್ತರ ನಿಂತಿರುತ್ತದೆ. ಅದನ್ನು ಒಮ್ಮೆ ನೋಡಿದವರು ಮತ್ತೆ ಗಲಿಬಿಲಿಯಾಗುವುದಿಲ್ಲ.

ಎರಡನೆಯದು ಟೋಪಿಯ ಹಿಂದಿನ ಚರ್ಮದ ಜೋಲು. ಆಫ್ರಿಕಾದ ಡೈಲೆಪಿಸ್ ಪ್ರಭೇದದಲ್ಲಿ ಇದು ದೊಡ್ಡದು. ಸಿಟ್ಟು ಬಂದಾಗ ಆನೆಯ ಕಿವಿಯಂತೆ ಎರಡೂ ಕಡೆ ಎತ್ತಿ ನಿಲ್ಲಿಸುತ್ತದೆ. ಮೆಡಿಟರೇನಿಯನ್ ಸುತ್ತಲಿನ ಸಾಮಾನ್ಯ ಗೋಸುಂಬೆಯಲ್ಲಿ (ಕೆಮೀಲಿಯೊ ಕೆಮೀಲಿಯಾನ್) ಚಿಕ್ಕದಾಗಿರುತ್ತದೆ. ನಮ್ಮದರಲ್ಲಿ ಅದರ ಕುರುಹಷ್ಟೇ ಉಂಟು, ಹುಡುಕಿದರೆ ಸಿಕ್ಕೀತು.

ಮೂರನೆಯದು ಗಂಡಿನ ಹಿಂಗಾಲಿನ ಹಿಮ್ಮಡಿ. ಅಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮೊನೆ, ಕೋಳಿಹುಂಜದ ಕಾಲುಮುಳ್ಳಿನ ಹಾಗೆ. ನಮ್ಮ ಗಂಡು ಗೋಸುಂಬೆಗೆ ಅದು ಇದೆ, ಮೆಡಿಟರೇನಿಯನ್ನಿನದಕ್ಕೆ ಇಲ್ಲ. ನಿಮ್ಮ ಬೇಲಿಯದು ಗಂಡೋ ಹೆಣ್ಣೋ ಎಂದು ತಿಳಿಯಲೂ ಇದೇ ಸುಲಭ ದಾರಿ. ಜೊತೆಗೆ ಗಂಡಿನ ಬಾಲದ ಬುಡ ಕೆಳಗಡೆ ಸ್ವಲ್ಪ ಉಬ್ಬಿರುತ್ತದೆ.

ಕೊನೆಗೆ ಗಂಟಲಿನಿಂದ ಹೊಟ್ಟೆಯವರೆಗೆ ಓಡುವ ಸಾಲು. ಮೊನಚು ಕಾಳುಗಳಂಥ ಹುರುಪೆಗಳು ಗರಗಸದಂತೆ ಜೋಡಿಸಿದ ಬಿಳಿ ಗೆರೆ ಅದು. ಮೈ ಕಪ್ಪಾದಾಗ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ. ಬೆನ್ನಿನ ಮೇಲಿನ ಸಾಲು ಇದಕ್ಕಿಂತ ದುರ್ಬಲ. ಪೂರ್ತಿ ಬೆಳೆದದ್ದಕ್ಕೆ ಮೂತಿಯಿಂದ ಬಾಲದ ಬುಡದವರೆಗೆ 17–18 ಸೆಂ.ಮೀ., ಬಾಲ ಅದಕ್ಕಿಂತ ಸ್ವಲ್ಪ ಉದ್ದ.

ನಿಜವಾಗಿ ತಲೆನೋವು ಕೊಡುವುದು ಒಂದೇ: ಸಹಾರಾ ಮರುಭೂಮಿಯ ದಕ್ಷಿಣದಂಚಿನ ಕೆಮೀಲಿಯೊ ಆಫ್ರಿಕಾನಸ್. ಅದರ ಗಂಡಿಗೂ ಹಿಮ್ಮಡಿಯ ಮೊನೆ ಇದೆ, ಜೋಲು ಚರ್ಮ ಇಲ್ಲ. ಫೋಟೊ ಎಲ್ಲಿ ತೆಗೆದದ್ದೆಂದು ತಿಳಿಯದೆ ಇವೆರಡನ್ನು ಚಿತ್ರದಲ್ಲೇ ಬೇರ್ಪಡಿಸಿ ಕೊಡುವವರ ಮಾತನ್ನು ಅಷ್ಟಾಗಿ ನಂಬಬೇಡಿ.

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಅಡಿಕೆ ತೋಟ. ಮಳೆಗಾಲದಲ್ಲಿ ಮರದ ಕಾಂಡದಲ್ಲಿ ಕಪ್ಪು ಮೈ, ಇಟ್ಟಿಗೆ ಕೆಂಪು ತಲೆಯದ್ದೊಂದು ಕೂರುತ್ತದೆ. ಬಣ್ಣ ಬದಲಿಸುವುದರಿಂದ ಮಕ್ಕಳು ಅದನ್ನು ಗೋಸುಂಬೆ ಅನ್ನುತ್ತಾರೆ. ಹೌದೇ?

ಉತ್ತರ: ಅಲ್ಲ, ಅದು ಓತಿ. ಗೋಸುಂಬೆ ಒಣ ಕುರುಚಲು ಕಾಡಿನ ಪ್ರಾಣಿ. ಮಳೆ ಸುರಿಯುವ ನಿಮ್ಮ ತೋಟ ಅದಕ್ಕೆ ಹೇಳಿದ ಜಾಗವಲ್ಲ. ಅನುಮಾನವಿದ್ದರೆ ಎರಡು ಕಡೆ ಕಣ್ಣು ಹಾಯಿಸಿ. ಓತಿಗೆ ಕಣ್ಣಿನ ಹಿಂದೆ ದುಂಡಗಿನ ಕಿವಿಪೊರೆ ಎದ್ದು ಕಾಣುತ್ತದೆ. ಗೋಸುಂಬೆಗೆ ಹೊರಗಿವಿಯೇ ಇಲ್ಲ. ಓತಿಯ ಐದು ಬೆರಳೂ ಬಿಡಿಬಿಡಿ. ಗೋಸುಂಬೆಯದು ಇಕ್ಕಳದಂತೆ ಎರಡು ಗುಂಪು: ಮುಂಗಾಲಿನಲ್ಲಿ ಒಳಗೆ ಮೂರು, ಹೊರಗೆ ಎರಡು, ಹಿಂಗಾಲಿನಲ್ಲಿ ಒಳಗೆ ಎರಡು, ಹೊರಗೆ ಮೂರು.

ಇನ್ನು ಯಾವ ಓತಿ? ತೋಟದಲ್ಲಿ ಎಲ್ಲರೂ ಕಾಣುವ ಕೆಲೋಟಿಸ್ ವರ್ಸಿಕಲರಿಗೆ ಕಿವಿಯ ಮೇಲೆ ಎರಡು ಬಿಡಿ ಮುಳ್ಳು, ಪಕ್ಕೆಯ ಹುರುಪೆಗಳ ತುದಿ ಹಿಂದಕ್ಕೆ ಮತ್ತು ಮೇಲಕ್ಕೆ. ಬೆದೆಗಾಲದಲ್ಲಿ ಗಂಡಿನ ತಲೆ, ಗಂಟಲು ಕೆಂಪೇರುವುದು ಇದಕ್ಕೂ ಉಂಟು. ನೋಡಿದವರು ‘ರಕ್ತ ಹೀರುತ್ತದೆ’ ಎಂದು ಕಥೆ ಕಟ್ಟಿದ್ದು ಅದಕ್ಕೇ. ಹಸಿರು ಓತಿಗೆ (ಕೆಲೋಟಿಸ್ ಕೆಲೋಟಿಸ್) ಕಿವಿಯ ಮೇಲೆ ಎರಡಲ್ಲ, ಮುಳ್ಳಿನ ಸಾಲೇ ಇರುತ್ತದೆ. ಹಸಿರು ಮೈಗೆ ಅಡ್ಡಪಟ್ಟಿ, ಬಾಲ ತೀರಾ ಉದ್ದ. ನೀವು ವರ್ಣಿಸಿದ ಕಪ್ಪು ಮೈ, ಇಟ್ಟಿಗೆ ಕೆಂಪು ತಲೆ ಮೊನಿಲೆಸಾರಸ್ ರೂಕ್ಸಿಯ ಬೆದೆಗಾಲದ ಗಂಡಿಗೆ ಸರಿಹೊಂದುತ್ತದೆ. ಖಚಿತಪಡಿಸಿಕೊಳ್ಳಲು ಹೆಗಲಿನ ಮುಂದೆ ಕತ್ತಿನ ಬದಿ ನೋಡಿ: ಚರ್ಮ ಮಡಚಿ ಕಪ್ಪು ಗುಳಿಯಾಗಿದ್ದರೆ ಅದೇ. ವರ್ಸಿಕಲರಿಗೆ ಆ ಮಡಿಕೆ ಇಲ್ಲ. ಹಳೆಯ ಪುಸ್ತಕದಲ್ಲಿ ಹುಡುಕುವುದಾದರೆ ‘ಕೆಲೋಟಿಸ್ ರೂಕ್ಸಿ’ ಎಂದು ನೋಡಿ. 2018ರಲ್ಲಿ ಇದನ್ನು ಬೇರೆ ಕುಲಕ್ಕೆ ಸೇರಿಸಿದರು.

ಅದೇ ಮರದಲ್ಲಿ ತೊಗಟೆಯಂತೆ ಅಂಟಿಕೊಂಡು, ಆಗಾಗ ಹಳದಿ ಗಂಟಲ ಪಟ್ಟಿಯನ್ನು ಚಾಚಿ ಮಡಚುತ್ತ, ಮುಂದಿನ ಮರಕ್ಕೆ ತೇಲಿಹೋಗುವುದು ಹಾರುವ ಓತಿ. ಅದರಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಪ್ರಶ್ನೆ: ಹೊಸೂರಿನ ಬಂಡೆಗಳ ಮೇಲೆ ಬೆನ್ನು ಕೆಂಪು, ಪಕ್ಕೆ ಕಪ್ಪು ಇರುವ ಓತಿ ಯಾವುದು?

ಉತ್ತರ: ಕಲ್ಲೋತಿ, ಸ್ಯಾಮೊಫಿಲಸ್ ಡಾರ್ಸಾಲಿಸ್. ಬೆದೆಯ ಗಂಡು ಅದು. ಬೂದುಗಂದು ಹೆಣ್ಣು ಅದೇ ಬಂಡೆಯ ಮೇಲೆ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ನಿಮಗೆ ಫೋಟೊ ಕಳಿಸಿದರೆ ಗುರುತಿಸುತ್ತೀರಾ? ರಸ್ತೆ ದಾಟುವ ಗೋಸುಂಬೆ ಕಂಡರೆ ಏನು ಮಾಡಬೇಕು? ಮುಟ್ಟಿದರೆ ವಿಷವೇ?

ಉತ್ತರ: ಬರುವ ಫೋಟೊಗಳಲ್ಲಿ ಹೆಚ್ಚಿನವು ಮೇಲಿನಿಂದ ತೆಗೆದ ಬೆನ್ನು. ಅದರಿಂದ ಏನೂ ತಿಳಿಯದು. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ಪಕ್ಕದಿಂದ ಮೂರು ಚಿತ್ರ ತೆಗೆಯಿರಿ: ತಲೆ ಮತ್ತು ಕತ್ತು ಹೆಗಲಿನವರೆಗೆ, ಹಿಂಗಾಲಿನ ಹಿಮ್ಮಡಿ, ಬಾಲದ ತುದಿ ಸೇರಿ ಇಡೀ ಮೈ. ಫ್ಲ್ಯಾಶ್ ಬೇಡ, ಹುರುಪೆಯ ಅಂಚು ಹೊಳಪಿನಲ್ಲಿ ಅಳಿಸಿಹೋಗುತ್ತದೆ. ಊರು, ತಿಂಗಳು, ಹೊತ್ತು, ಕೂತದ್ದು ಮರವೋ ಬಂಡೆಯೋ ಎಂಬುದನ್ನೂ ಬರೆಯಿರಿ.

ವಿಷ ಇಲ್ಲ. ಹಿಡಿದರೆ ಬುಸುಗುಟ್ಟಿ ಬಾಯಿ ತೆರೆಯುತ್ತದೆ, ಕಚ್ಚಲೂಬಹುದು, ಅಷ್ಟೆ. ರಸ್ತೆಯಲ್ಲಿ ಸಿಗುವುದು ಮಣ್ಣಿನಲ್ಲಿ ಮೊಟ್ಟೆ ಇಡಲು ಇಳಿದ ಹೆಣ್ಣೂ ಆಗಿರಬಹುದು. ಹೊಟ್ಟೆ ಹಿಂಡುವಂತೆ ಹಿಡಿಯಬೇಡಿ, ಬಾಲ ಎಳೆಯಬೇಡಿ. ಹೆಬ್ಬೆರಳು ಗಾತ್ರದ ಒಣಕೋಲನ್ನು ಅದರ ಎದೆಯ ಮುಂದೆ ಹಿಡಿದರೆ ತಾನೇ ಹತ್ತುತ್ತದೆ. ಅದು ಹೊರಟಿದ್ದ ಕಡೆಯ ಪೊದೆಗೇ ದಾಟಿಸಿ. ಹಿಂದಕ್ಕೆ ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ. ಮನೆಗೆ ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.